ಹುಚ್ಚಯ್ಯನವರ ಎರಡನೇ ಬಟ್ಟಲು

೨೦ ಏಪ್ರಿಲ್ ೧೯೯೭, ಪಾಂಡವಪುರ

ಕೊನೆಗೂ ಪಟ್ಟಿ ಬಂತು. ಜರ್ಮನಿಯ ರೈತರ ಒಕ್ಕೂಟವೊಂದು ನಮ್ಮ ಕಡೆಯ ಹದಿನೆಂಟು ಜನರನ್ನು ಕರೆದಿದೆ, ಖರ್ಚೆಲ್ಲ ಅವರದೇ. ಬೀಜದ ಕಂಪನಿಗಳ ವಿರುದ್ಧ ಅವರ ಜೊತೆ ಮೆರವಣಿಗೆ ಹೋಗಬೇಕು, ಅವರ ಹಳ್ಳಿಗಳನ್ನು ನೋಡಬೇಕು. ಹದಿನಾರು ಜನ ರೈತರು, ಒಬ್ಬ ಕಲಾವಿದ, ಒಬ್ಬ ಪತ್ರಕರ್ತ. ಆ ಪತ್ರಕರ್ತ ನಾನು. 'ಕುಂತಿಬೆಟ್ಟ ವಾರ್ತೆ' ಎಂಬ ನಾಲ್ಕು ಪುಟದ ವಾರಪತ್ರಿಕೆಯ ವರದಿಗಾರ, ಉಪಸಂಪಾದಕ, ಕರಡು ತಿದ್ದುವವ, ಶುಕ್ರವಾರ ಬಸ್ಸಿಗೆ ಕಟ್ಟು ಹಾಕುವವ, ಎಲ್ಲವೂ ಆಗಿರುವ ಮಹದೇವಸ್ವಾಮಿ ವಿಮಾನ ಹತ್ತುತ್ತಾನೆ.

ಮಾಲೀಕ ರಂಗಸ್ವಾಮಿಗೆ ನನಗಿಂತ ಖುಷಿ. "ಲೇ ಮಾದೇವ, ಅಲ್ಲೋಗಿ ಬೆಳ್ಳಗಿರೋರ ನೋಡ್ಕಂಡು ಕೂತ್ಕಬ್ಯಾಡ ಕಣ್ಲಾ. ವಾರಾ ವಾರಾ ಫ್ಯಾಕ್ಸು ಬರ್ಬೇಕು. ನಾಕು ತಾಲ್ಲೂಕಲ್ಲಿ ಯಾವನ್ಗೂ ಸಿಗದೆ ಇದ್ದದ್ದು ನಮ್ಮ ಪೇಪರ್ಗೆ ಸಿಕ್ಕದೆ" ಎಂದ.

ಬೀಜದ ಹಕ್ಕನ್ನು ಕಂಪನಿಗಳಿಗೆ ಬರೆದುಕೊಡುವ ಡಂಕೆಲ್ ಒಪ್ಪಂದದ ಮೇಲೆ ನಾನು ಬರೆದಿದ್ದ ಹದಿನಾಲ್ಕು ಪುಟದ ಲೇಖನವನ್ನು ಇಂಗ್ಲಿಷಿಗೆ ಮಾಡಿಕೊಂಡಿದ್ದೇನೆ. ಯಾರಾದರೂ ಭಾಷಣ ಮಾಡಿ ಎಂದರೆ ಕೈಯಲ್ಲಿ ಇರಬೇಕಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದೀರಿ ಎಂದು ಯಶೋಧ ನಕ್ಕಳು. ಮದುವೆಯಾಗಿ ಒಂಬತ್ತು ವರ್ಷವಾಯಿತು, ಅವಳು ನನ್ನ ಒಂದು ಲೇಖನವನ್ನಾದರೂ ಪೂರ್ತಿ ಓದಿದ್ದು ನಾನು ಕಾಣೆ.

ಈ ಪುಸ್ತಕ ನನಗೊಬ್ಬನಿಗೇ. ಪತ್ರಿಕೆಗೆ ಬರೆಯುವುದು ಬೇರೆ.

೪ ಮೇ

ಇವತ್ತು ಆ ಕಲಾವಿದರ ಮನೆಗೆ ಹೋಗಿದ್ದೆ. ನಾಗಮಂಗಲ ತಾಲ್ಲೂಕು, ಹೊಣಕೆರೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆಯಬೇಕು. ಹೆಸರು ಹುಚ್ಚಯ್ಯನವರು, ವಯಸ್ಸು ಅರವತ್ತೆರಡು. ಊರ ಮಾರಮ್ಮನ ಪೂಜೆ ಹೊರುವವರು. ಬಿದಿರಿನ ಚೌಕಟ್ಟಿಗೆ ಬಣ್ಣಬಣ್ಣದ ಸೀರೆಗಳ ನೆರಿಗೆ ಕಟ್ಟಿ, ನಡುವೆ ಅಮ್ಮನ ಹಿತ್ತಾಳೆ ಮುಖ ಇಟ್ಟರೆ ಅದಕ್ಕೆ ಪೂಜೆ ಎಂದು ಹೆಸರು. ಆಳೆತ್ತರದ ಅದನ್ನು ತಲೆಯ ಮೇಲೆ ಹೊತ್ತು, ಕೈಬಿಟ್ಟು, ತಮಟೆಯ ಏಟಿಗೆ ಕುಣಿಯುತ್ತಾರೆ. ಇವರ ತಾತ ಹೊತ್ತರು, ಅಪ್ಪ ಹೊತ್ತರು, ಈಗ ಇವರು. ವರ್ಷವರ್ಷವೂ ಆಷಾಢದ ಕಡೆಯ ಮಂಗಳವಾರ ಊರ ಪೂಜೆ ಎತ್ತುವುದು ಇವರ ತಲೆಯ ಮೇಲೇ. ಜರ್ಮನಿಗೆ ತರುವುದು ಅಮ್ಮನ ಮುಖವಿಲ್ಲದ ಬರೀ ಚೌಕಟ್ಟು. ಅದಕ್ಕೂ ಊರ ಯಜಮಾನರಾದ ಚಿಕ್ಕಯ್ಯನವರ ಅಪ್ಪಣೆ ಕೇಳಿ ಒಪ್ಪಿಸಿದ್ದಾರೆ.

ಮುದ್ದೆ, ಉಪ್ಸಾರು ಬಡಿಸಿ ಅವರ ಹೆಂಡತಿ ಬೆಟ್ಟಮ್ಮ ಎದುರಿಗೇ ಕೂತರು. "ನಮ್ ಯಜಮಾನ್ರು ಮೈಸೂರ ನೋಡಿರೋದೇ ಮೂರು ಸಲ ಕಣಪ್ಪ. ಯಾರೇನ್ ಅಂದ್ರೂ ನಂಬ್ಬುಡ್ತಾರೆ, ಯಾರೇನ್ ಕೊಟ್ರೂ ತಿಂದ್ಬುಡ್ತಾರೆ. ಕುರಿ, ಕೋಳಿ ಪರವಾಗಿಲ್ಲ. ದನ ಗಿನ ಬಾಯಿಗೋದ್ರೆ ಅಮ್ಮನ್ನ ಮುಟ್ಟಂಗಿಲ್ಲ. ಆಮೇಲೆ ಅವ್ರು ಬದುಕಾಕಿಲ್ಲ."

"ನಾನಿದ್ದೀನಲ್ಲ ತಾಯಿ. ಅವರು ಬಾಯಿಗಿಡೋ ಮೊದಲು ನಾನು ಕೇಳಿ ಹೇಳ್ತೀನಿ" ಎಂದೆ.

ಮನಸ್ಸಿನಿಂದಲೇ ಹೇಳಿದೆ. ಹುಚ್ಚಯ್ಯನವರು ಬಸ್ಸಿನವರೆಗೂ ನಡೆದು ಬಂದರು. ದಾರಿಯಲ್ಲಿ ಎದುರಾದ ಪ್ರತಿಯೊಬ್ಬರಿಗೂ "ಇವ್ರು ಪೇಪರಿನೋರು, ನನ್ನ ಕರ್ಕಂಡೋಯ್ತಾವ್ರೆ" ಎಂದು ಹೇಳಿದರು.

೧೩ ಮೇ, ವಿಮಾನದಲ್ಲಿ

ಹುಚ್ಚಯ್ಯನವರು ನನ್ನ ಪಕ್ಕ. ಮೇಲೇಳುವಾಗ ನನ್ನ ಕೈ ಹಿಡಿದುಕೊಂಡರು. ಯಾರು ಯಾರಿಗೆ ಧೈರ್ಯ ಕೊಟ್ಟೆವೋ ಗೊತ್ತಿಲ್ಲ, ಇಲ್ಲಿ ನಿಜ ಬರೆಯಬಹುದು. ಆಮೇಲೆ ಕಿಟಕಿಯಿಂದ ನೋಡಿ, "ಮಾದೇವಪ್ಪ, ಕೆಳ್ಗಿರೋದು ಮೋಡವಾ? ಮಳೆಗಿಂತ ಮೇಲಕ್ ಬಂದ್ಬುಟ್ವಾ ನಾವು?" ಎಂದರು. ಗಗನಸಖಿ ಕೊಟ್ಟ ಚಿಕ್ಕ ಬೆಣ್ಣೆಯ ಡಬ್ಬಿಯನ್ನು ಮಗಳು ಸೋಮಮ್ಮನಿಗೆಂದು ಜೇಬಿಗೆ ಹಾಕಿಕೊಂಡರು. ಕರಗುತ್ತದೆ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ಇಂಥವರ ಜೊತೆ ಪ್ರಯಾಣ ಮಾಡುವುದೂ ಒಂದು ಪುಣ್ಯ.

೧೬ ಮೇ, ಜರ್ಮನಿ

ಮೊದಲ ಮೆರವಣಿಗೆ. ದೊಡ್ಡ ಪೇಟೆ, ಕನ್ನಡಿಯಂಥ ರಸ್ತೆ, ಎರಡೂ ಬದಿಗೆ ಹಸಿರು ಅಂಗಿಯ ಪೊಲೀಸರು. ಅವರು ಬೈಯಲಿಲ್ಲ, ತಳ್ಳಲಿಲ್ಲ. ಲಾಠಿ ಎತ್ತದ ಪೊಲೀಸರ ಮುಂದೆ ಘೋಷಣೆ ಕೂಗುವುದು ನಮ್ಮ ರೈತರಿಗೆ ಒಗ್ಗಲೇ ಇಲ್ಲ, ಗಂಟಲೇ ಏಳಲಿಲ್ಲ.

ಹುಚ್ಚಯ್ಯನವರು ಚೌಕಟ್ಟು ಹೊತ್ತು ನಿಂತರೆ ತಮಟೆಯಿಲ್ಲ. ಹೊರಡುವಾಗ ತಮಟೆಯವರನ್ನು ಪಟ್ಟಿಗೆ ಸೇರಿಸಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕೂದಲಿಗೆ ಕೆಂಪು ಬಣ್ಣ ಹಚ್ಚಿದ ಹುಡುಗಿಯೊಬ್ಬಳು ತಗಡಿನ ಡಬ್ಬ ಬಡಿದಳು, ಅದಕ್ಕೇ ಕುಣಿದರು. ಆಮೇಲೆ ಅವಳು ನನ್ನ ಹತ್ತಿರ ಬಂದು, "ನಿಮ್ಮಲ್ಲಿ ವಾದ್ಯ ನುಡಿಸುವವರು ಯಾಕೆ ಬರಲಿಲ್ಲ?" ಎಂದು ಕೇಳಿದಳು. ಟಿಕೆಟ್ ಸಿಗಲಿಲ್ಲ ಎಂದೆ.

ಕುಣಿತ ಮುಗಿಯುತ್ತಲೇ ಪತ್ರಕರ್ತರೆಲ್ಲ ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಅವರನ್ನು ಮುತ್ತಿದರು. ಬೀಜದ ಹಕ್ಕಿನ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿದರು. ಹುಚ್ಚಯ್ಯನವರು ನನ್ನ ಮುಖ ನೋಡಿ, "ನಮ್ಮವ್ವ ರಾಗಿ ಬಿತ್ನೆಗೆ ಬೂದಿ ಬೆರ್ಸಿ ಮಡ್ಕೇಲಿ ಇಕ್ಕೋಳು. ಬೇಕಾದೋರು ಬಂದು ಇಸ್ಕಂಡೋಗೋರು. ಅದು ಯಾರ್ದು ಅಂತ ಒಬ್ರೂ ಕೇಳ್ನಿಲ್ಲ" ಎಂದರು. ಇಂಗ್ಲಿಷಿನಲ್ಲಿ ಹೇಳಿದೆ. ಚಪ್ಪಾಳೆ ಹೊಡೆದರು, ಅವರಿಗೆ.

೧೭ ಮೇ

ಇಲ್ಲಿನ ಪತ್ರಿಕೆಯ ಮುಖಪುಟದಲ್ಲಿ ಹುಚ್ಚಯ್ಯನವರ ಚಿತ್ರ. ಪಕ್ಕದಲ್ಲಿ ನನ್ನ ಅರ್ಧ ಕಿವಿ, ಒಂದು ಭುಜ.

೧೯ ಮೇ

ಇವತ್ತು ಸಭೆ. ನನಗೆ ಮೂರು ನಿಮಿಷ ಕೊಟ್ಟರು. ಹದಿನಾಲ್ಕು ಪುಟದಲ್ಲಿ ಎರಡನೆಯದಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿದರು. ಆಮೇಲೆ ಹುಚ್ಚಯ್ಯನವರನ್ನು ಮೇಲೆ ಕರೆದು ಅರ್ಧ ಗಂಟೆ ಮಾತಾಡಿಸಿದರು. ಮೂಗಿನ ನೇರಕ್ಕೆ ನಾಲ್ಕು ಮಾತು ಆಡುವ ಮನುಷ್ಯ. ಎಮ್ಮೆಯ ಬಗ್ಗೆ ಹೇಳಿದರೂ ಇವರು ಕಣ್ಣರಳಿಸುತ್ತಾರೆ. ಇಪ್ಪತ್ತು ವರ್ಷ ಓದಿದವನು ನಾನು, ಅವರ ಬಾಯಾಗಿ ನಿಂತಿದ್ದೆ.

ಹೊಟ್ಟೆಕಿಚ್ಚಲ್ಲ. ಅನ್ಯಾಯವನ್ನು ಅನ್ಯಾಯ ಎನ್ನಬೇಕು ಅಷ್ಟೆ.

೨೨ ಮೇ

ರಂಗಸ್ವಾಮಿಯ ಫ್ಯಾಕ್ಸ್ ಬಂತು, ಅವನ ಕೋಳಿ ಕಾಲಿನ ಅಕ್ಷರದಲ್ಲೇ. "ನಿನ್ ಡಂಕೆಲ್ಲು ಯಾರೂ ಓದ್ಲಿಲ್ಲ ಕಣ್ಲಾ. ಕಡೇಲಿ ನಾಕು ಸಾಲು ಹುಚ್ಚಯ್ಯ ತಾನೇ ಮೇಲಕ್ಕೋಗೋ ಮೆಟ್ಲು ಕಂಡು ಕೈ ಮುಗ್ದ ಅಂತ ಬರ್ದಿದ್ಯಲ್ಲ, ಅದ್ಕೆ ಜನ ಬಿದ್ದು ಬಿದ್ದು ನಗ್ತಾವ್ರೆ. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಲ್ಲಿ ಒಂದು ಕಟ್ಟು ಮಧ್ಯಾಹ್ನಕ್ಕೇ ಖಾಲಿ. ನಾಗಮಂಗ್ಲದೋರು ಇನ್ನೂ ಕಳ್ಸಿ ಅಂತಾವ್ರೆ. ಅವನ ಸುದ್ದಿನೇ ಬರಿ."

'ಹುಚ್ಚಯ್ಯನ ವಿಲಾಯಿತಿ' ಎಂದು ಅಂಕಣಕ್ಕೆ ಹೆಸರಿಟ್ಟೆ. 'ಹುಚ್ಚಯ್ಯನವರ' ಎಂದರೆ ಶೀರ್ಷಿಕೆ ಉದ್ದವಾಗುತ್ತದೆ.

೨೫ ಮೇ

ಪೇಟೆಯ ನಡುವಿನ ಕಾರಂಜಿಯಲ್ಲಿ ಹುಚ್ಚಯ್ಯ ಟವಲು ಸುತ್ತಿಕೊಂಡು ಸ್ನಾನಕ್ಕೆ ಇಳಿದದ್ದನ್ನು ಬರೆದೆ. ನಿಜವಾಗಿ ಕಾಲು ತೊಳೆದಿದ್ದು ಮಾತ್ರ. ಟವಲು ನಾನು ಸೇರಿಸಿದ್ದು. ಒಂದೂವರೆ ಪುಟ ಬರೆಯಲು ಇಪ್ಪತ್ತು ನಿಮಿಷ ಸಾಕಾಯಿತು. ಕೈಗೆ ಹಿಡಿತ ಸಿಕ್ಕಿದೆ.

ಅವನಿಗೆ ತೋರಿಸಿದೆ. ಓದಲು ಬರುವುದಿಲ್ಲ, ತನ್ನ ಹೆಸರು ಎಲ್ಲಿದೆ ಎಂದು ಕೇಳಿ ಆ ಅಕ್ಷರದ ಮೇಲೆ ಬೆರಳಿಟ್ಟು ಸಂತೋಷಪಟ್ಟ.

೨೮ ಮೇ, ಹೆಲ್ಗಾಳ ಮನೆ

ನಮ್ಮನ್ನು ಇಬ್ಬಿಬ್ಬರಂತೆ ಹಳ್ಳಿಯ ಮನೆಗಳಿಗೆ ಹಂಚಿದ್ದಾರೆ. ನನಗೆ ಗಂಟು ಬಿದ್ದಿರುವುದು ಹುಚ್ಚಯ್ಯನೇ. ಮನೆಯೊಡತಿ ಹೆಲ್ಗಾ, ಐವತ್ತರ ವಿಧವೆ. ನಲವತ್ತು ಹಸುಗಳಿವೆ. ಹುಚ್ಚಯ್ಯ ಕೊಟ್ಟಿಗೆ ಹೊಕ್ಕವನು ಹೊರಗೆ ಬರಲಿಲ್ಲ. ಒಂದೊಂದರ ಗಂಗೆದೊಗಲು ಸವರಿ ಕನ್ನಡದಲ್ಲೇ ಮಾತಾಡಿಸಿದ. ಒಂದು ಕಂದು ಹಸು ಅವನ ಕೈ ನೆಕ್ಕಿತು. ಮುದುಕನ ಕಣ್ಣಲ್ಲಿ ನೀರು.

"ಮಾದೇವಪ್ಪ, ಇವಕ್ಕೂ ನಮ್ ಭಾಷೆ ತಿಳೀತದೆ ಕಣಪ್ಪ" ಎಂದ.

ಸಂಜೆ ಊಟಕ್ಕೆ ಎಂದಿನಂತೆ ರಗಳೆ. ಇದೇನು, ಅದೇನು, ಇದ್ರೊಳಗೇನಾರ ಅದಾ? ಹದಿನೈದು ದಿನದಿಂದ ಪ್ರತಿ ತಟ್ಟೆಗೂ ಇದೇ. ಬರೀ ಬ್ರೆಡ್ಡು, ಹೆಂಡತಿ ಕೊಟ್ಟ ಚಟ್ನಿಪುಡಿ ತಿಂದು ಎದ್ದ. ನಾನೇನು ಇವನ ಹೆಂಡತಿಯೇ? ನಾಡಿದ್ದು ಫ್ಯಾಕ್ಸ್ ಹೋಗಬೇಕು, ಬರೆಯಲು ಏನೂ ಇಲ್ಲ. ಹಸು ಕೈ ನೆಕ್ಕಿದ್ದಕ್ಕೆ ಯಾರು ನಗುತ್ತಾರೆ?

೨೯ ಮೇ

ಬರೆಯಲು ಸಿಕ್ಕಿತು.

ಮಧ್ಯಾಹ್ನ ಹೆಲ್ಗಾ ದೊಡ್ಡ ಬಟ್ಟಲಲ್ಲಿ ಮಾಂಸದ ಸಾರು ತಂದಿಟ್ಟಳು. ಏಲಕ್ಕಿಯಿಲ್ಲ, ಖಾರವಿಲ್ಲ, ಆದರೂ ಘಮ ಬಂತು. ಹುಚ್ಚಯ್ಯ ಎಂದಿನಂತೆ ನನ್ನ ಕಡೆ ನೋಡಿದ. ನಾನು ಕೇಳಿದೆ. ದನದ್ದು, ನಮ್ಮ ಕೊಟ್ಟಿಗೆಯದೇ, ಎಂದು ಹೆಲ್ಗಾ ಹೆಮ್ಮೆಯಿಂದ ಹೇಳಿದಳು.

"ಏನಂತೆ ಮಾದೇವಪ್ಪ?"

"ಕುರಿ" ಎಂದೆ.

ಯಾಕೆ ಹಾಗೆಂದೆನೋ. ಸಾಕಾಗಿತ್ತು. ಒಂದು ದಿನವಾದರೂ ಹೊಟ್ಟೆತುಂಬ ತಿನ್ನಲಿ ಎಂದೂ ಇತ್ತು ಅನ್ನಿಸುತ್ತದೆ.

"ಕುರಿಯಾದ್ರೆ ಸರಿ" ಎಂದು ಕೈ ಹಾಕಿದ. ಬಾಗಿಕೊಂಡು ತಿಂದ. ಮೀಸೆ ಒರೆಸಿಕೊಂಡು, "ರುಚಿಯಾಗದೆ ಕಣವ್ವ, ಇನ್ನೊಂದು ಬಟ್ಲು ಹಾಕು" ಎಂದು ಹೆಲ್ಗಾಳ ಮುಂದೆ ಬಟ್ಟಲು ಹಿಡಿದ. ಅವಳಿಗೆ ಭಾಷೆ ಬೇಕಾಗಲಿಲ್ಲ. ನಾನು ಹೊಟ್ಟೆ ಸರಿಯಿಲ್ಲವೆಂದು ಬ್ರೆಡ್ಡು ತಿಂದೆ.

೩೦ ಮೇ

ಫ್ಯಾಕ್ಸ್ ಕಳಿಸಿದೆ. ಶೀರ್ಷಿಕೆ 'ಎರಡನೇ ಬಟ್ಟಲು'. ಹೆಲ್ಗಾ ಇದು ದನದ ಮಾಂಸ ಎಂದಳು, ಹುಚ್ಚಯ್ಯ "ಯಾವ್ದಾದ್ರೇನು, ರುಚಿಯಾಗದೆ ಕಣವ್ವ, ಇನ್ನೊಂದು ಬಟ್ಲು ಹಾಕು" ಎಂದ, ಹೀಗೆ ಮುಗಿಸಿದೆ. 'ಕುರಿಯಾದ್ರೆ ಸರಿ' ಇದ್ದ ಕಡೆ 'ಯಾವ್ದಾದ್ರೇನು' ಹಾಕಿದ್ದು ಬಿಟ್ಟರೆ ಎಲ್ಲ ನಡೆದ ಹಾಗೇ ಇದೆ. ಬರೆಯುವವನಿಗೆ ಇಷ್ಟೂ ಸ್ವಾತಂತ್ರ್ಯ ಇಲ್ಲದಿದ್ದರೆ ಅವನು ಶಾನುಭೋಗನಾಗಬೇಕಾಗಿತ್ತು. ಇದುವರೆಗೆ ಬರೆದದ್ದರಲ್ಲಿ ಇದೇ ಒಳ್ಳೆಯದು.

೯ ಜೂನ್, ಪಾಂಡವಪುರ

ಮನೆ ಸೇರಿದೆ. ಮಗಳು ಮೇಘನ ನನ್ನ ಕೊರಳು ಬಿಡಲಿಲ್ಲ. ಅವಳಿಗೆ ಏಳು ತುಂಬಿದ್ದು ನಾನಿಲ್ಲದಾಗ. ಬೊಂಬೆ ಕೊಟ್ಟೆ.

ಬಸ್ ಸ್ಟ್ಯಾಂಡಿನಿಂದ ಮನೆಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಹಿಂದೆ ನಮಸ್ಕಾರ ಮಾಡಿದರೂ ಕಾಣದವರು ಇವತ್ತು ಟೀ ಕುಡಿಸಿದರು. "ಏನ್ ಬರ್ದಿದ್ದೀರಿ ಮಾದೇಸ್ವಾಮಣ್ಣ, ಎರಡನೇ ಬಟ್ಲಂತೂ ನಾಕು ಸಲ ಓದ್ಸಿ ಕೇಳ್ದೆ!" ಕಿಕ್ಕೇರಿಯಲ್ಲಿ ಹೋಟೆಲಿನವನು ಅದನ್ನು ಗೋಡೆಗೆ ಅಂಟಿಸಿದ್ದಾನಂತೆ. ಬೆಂಗಳೂರಿನ ಒಂದು ದಿನಪತ್ರಿಕೆಯ ಸಂಪಾದಕರು ಅಂಕಣವನ್ನೆಲ್ಲ ತರಿಸಿಕೊಂಡು ಓದಿದ್ದಾರೆ ಎಂದು ರಂಗಸ್ವಾಮಿ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಸಂತೋಷ ಅಷ್ಟಿರಲಿಲ್ಲ.

ಯಶೋಧ ಕೇಳಿದಳು, "ಆ ಯಜಮಾನ್ರು ಗೊತ್ತಿದ್ದೇ ತಿಂದ್ರಾ?"

"ನೀನೂ ಓದಿದ್ಯಾ?" ಎಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ!

೧೨ ಜೂನ್

ಹುಚ್ಚಯ್ಯ ಊರು ಸೇರುವ ಮೊದಲೇ ಪತ್ರಿಕೆ ಸೇರಿತ್ತಂತೆ. ಬಸ್ಸಿಳಿದು ನೇರ ಗುಡಿಗೆ ಹೋದವನನ್ನು ಬಾಗಿಲಲ್ಲೇ ತಡೆದರಂತೆ. ಅಮ್ಮನಿಗೆಂದು ಜರ್ಮನಿಯಿಂದ ತಂದ ಮೇಣದ ಬತ್ತಿಯನ್ನು ಕಟ್ಟೆಯ ಮೇಲಿಟ್ಟರೆ ಯಾರೋ ಕೋಲಿನಲ್ಲಿ ತಳ್ಳಿದರಂತೆ. ನಮ್ಮ ಪತ್ರಿಕೆಯ ಹೊಣಕೆರೆ ಏಜೆಂಟ್ ಹೇಳಿ ನಕ್ಕ. ನನಗೂ ನಗು ಬಂತು. ಮೇಣದ ಬತ್ತಿ ತರುವ ಐಡಿಯಾ ಅವನಿಗೇ ಬರಬೇಕು.

೨೦ ಜೂನ್

ಹುಚ್ಚಯ್ಯನ ಮಗಳು ಸೋಮಮ್ಮ ಪ್ರೆಸ್ಸಿಗೆ ಬಂದಿದ್ದಳು. ಎಸ್ಸೆಸ್ಸೆಲ್ಸಿ ಓದಿದವಳು, ಕೈಯಲ್ಲಿ ಪತ್ರಿಕೆ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ಕುರಿ ಅಂತ ಏಳಿದ್ರಂತಲ್ಲ ನೀವು ನಮ್ಮಪ್ಪಂಗೆ? ಅದ್ಯಾಕ್ ಇದ್ರಲ್ಲಿಲ್ಲ?"

"ನೋಡಮ್ಮ, ಅದು ಹಾಸ್ಯದ ಅಂಕಣ."

"ನಮ್ಮವ್ವನ ನಲ್ಲಿ ತಾವ ನಿಲ್ಲುಸ್ತಿಲ್ಲ. ಮನೆಗೆ ಒಬ್ರೂ ಬತ್ತಾ ಇಲ್ಲ. ನಮ್ಮಪ್ಪ ಹನ್ನೆರಡು ದಿನದಿಂದ ಮೂಲೇಲಿ ಕುಂತದೆ. ಯಾರ್ಗೆ ಹಾಸ್ಯ ಸಾರ್ ಇದು? ಬರೋ ವಾರ ನಾಕು ಸಾಲು ಆಕಿ. ತಿಳೀದೆ ತಿಂದ್ರು, ನಾನೇ ಕುರಿ ಅಂದೆ ಅಂತ."

ನೋಡೋಣ ಎಂದೆ. ಹಾಕಬಹುದಿತ್ತು, ನಾಲ್ಕೇ ಸಾಲು. ಅವಳು ದನಿ ಏರಿಸದೆ ಕೇಳಿದ್ದರೆ ಹಾಕುತ್ತಿದ್ದೆನೇನೋ. ಕೆಲಸದವರ ಮುಂದೆ ಹಾಗೆ ಮಾತಾಡಿದ್ದು ಸರಿಯಲ್ಲ.

೨ ಜುಲೈ

ಬೆಂಗಳೂರಿನ ಸಂಪಾದಕರ ಪತ್ರ! ಅಂಕಣವನ್ನು ಪುಸ್ತಕ ಮಾಡಿಸುತ್ತಾರಂತೆ. ಜಿಲ್ಲಾ ವರದಿಗಾರನ ಹುದ್ದೆ ಸೆಪ್ಟೆಂಬರಿಗೆ ಖಾಲಿಯಾಗುತ್ತದೆ, ನನ್ನನ್ನು ಯೋಚಿಸಿದ್ದಾರಂತೆ. "ಬಣ್ಣ ಹಚ್ಚದೆ ಕಂಡದ್ದನ್ನು ಕಂಡಂತೆ ಬರೆಯುವ ನಿಮ್ಮ ಪ್ರಾಮಾಣಿಕತೆ ಹಿಡಿಸಿತು" ಎಂಬ ಸಾಲನ್ನು ಯಶೋಧಳಿಗೆ ಎರಡು ಸಲ ಓದಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

ಕೆಳಗೆ ಒಂದು ಟಿಪ್ಪಣಿ. ಸೋಮಮ್ಮ ಎಂಬುವರಿಂದ ದೂರು ಬಂದಿದೆ, ನಿಮ್ಮ ವಿವರಣೆ ಕಳಿಸಿ, ಸಾಧ್ಯವಾದರೆ ಆ ಹುಚ್ಚಯ್ಯನವರ ಒಪ್ಪಿಗೆ ಪತ್ರವನ್ನೂ.

ಈ ಹುಡುಗಿಗೆ ಬೆಂಗಳೂರಿನ ವಿಳಾಸ ಯಾರು ಕೊಟ್ಟರೋ. ಇನ್ನು ಆ ನಾಲ್ಕು ಸಾಲು ಹಾಕುವ ಮಾತೇ ಇಲ್ಲ. ಹಾಕಿದರೆ ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕಿಕೊಂಡಂತೆ.

೧೩ ಜುಲೈ, ಭಾನುವಾರ

ಹುಚ್ಚಯ್ಯನ ಊರಿನಲ್ಲಿ ನ್ಯಾಯ ಸೇರಿಸಿದ್ದರು. ನನ್ನನ್ನು ಸಾಕ್ಷಿಗೆ ಕರೆದಿದ್ದರು. ಹೋಗದಿದ್ದರೆ ತಪ್ಪಿತಸ್ಥ ಅಂದುಕೊಳ್ಳುತ್ತಾರೆ ಎಂದು ಹೋದೆ.

ಗುಡಿಯ ಮುಂದಿನ ಅರಳಿಕಟ್ಟೆ. ನೂರು ಜನಕ್ಕೆ ಕಡಿಮೆಯಿಲ್ಲ. ಹುಚ್ಚಯ್ಯ ಕಟ್ಟೆಯ ಕೆಳಗೆ, ಚಪ್ಪಲಿ ಬಿಡುವ ಕಡೆ ಕೂತಿದ್ದ. ಒಂದು ತಿಂಗಳಲ್ಲಿ ಅರ್ಧ ಆಗಿದ್ದಾನೆ. ನನ್ನನ್ನು ಕಂಡು ಎದ್ದು ನಿಂತ, ಮುಖ ಅರಳಿತು. "ಬಂದ್ರು ಬುಡಿ, ಮಾದೇವಪ್ಪ ಬಂದ್ರು, ಇನ್ನೇನು" ಎಂದು ಪಕ್ಕದವರಿಗೆ ಹೇಳಿದ.

ಯಜಮಾನ ಚಿಕ್ಕಯ್ಯನವರು ಕಟ್ಟಳೆ ಹೇಳಿದರು. "ತಿಳೀದೆ ತಿಂದಿದ್ರೆ ಗಂಜಾಂ ನಿಮಿಷಾಂಬ ತಾವ ಒಳೇಲಿ ಮುಳುಗಿ, ತಲೆ ಬೋಳಿಸ್ಕಂಡು ಬಂದು ಅಮ್ಮಂಗೆ ತಪ್ಪುಕಾಣಿಕೆ ಕಟ್ಲಿ. ಕಡೇ ಮಂಗ್ಳವಾರ ಪೂಜೆ ಅವನೇ ಎತ್ಲಿ. ತಿಳ್ದೂ ತಿಳ್ದೂ ತಿಂದಿದ್ರೆ ಪೂಜೆ ಆ ಮನೆ ಬುಟ್ಟು ಓಯ್ತದೆ. ಮಕ್ಳು ಮೊಮ್ಮಕ್ಳಿಗೂ ಇಲ್ಲ. ನೀವು ಪಕ್ಕದಾಗಿದ್ದೋರು ಸ್ವಾಮಿ. ಅದೇನಂತ ಏಳಿ ತಿನ್ಸುದ್ರಿ?"

ಯಾರೋ ಕರ್ಪೂರ ತಂದರು. ಹಚ್ಚಿ, ಕೈಯಿಂದ ಆರಿಸಿ ಪ್ರಮಾಣ ಮಾಡಬೇಕು. ಸುಳ್ಳಾದರೆ ಮಾರಮ್ಮ ಹೇಳಿದವನ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಾಳೆ ಎಂಬ ನಂಬಿಕೆ. ನಾನು ಇದನ್ನೆಲ್ಲ ನಂಬುವವನಲ್ಲ. ಆದರೂ ಮೇಘನಳ ಮುಖ ಕಣ್ಣೆದುರು ಬಂತು. ಆ ಕರ್ಪೂರ ಹಚ್ಚಿದ್ದರೆ ಕುರಿ ಎಂದಿದ್ದೆ ಎಂದು ಹೇಳಿಬಿಡುತ್ತಿದ್ದೆನೇನೋ.

ತಡೆದವನು ಹುಚ್ಚಯ್ಯನೇ. "ಬ್ಯಾಡಿ ಬ್ಯಾಡಿ, ಆಣೆ ಬ್ಯಾಡಿ. ಅವ್ರಿಗೆ ಒಂದೇ ಕೂಸು. ಓದ್ದೋರು, ಸುಳ್ಳು ಏಳಾಕಿಲ್ಲ. ಬಾಯಲ್ಲಿ ಏಳುದ್ರೆ ಸಾಕು" ಎಂದು ಕರ್ಪೂರ ತಂದವನ ಕೈಗೆ ಅಡ್ಡ ಬಂದ. ಆಮೇಲೆ ನನ್ನ ಕಡೆ ತಿರುಗಿ, "ಏಳಿ ಮಾದೇವಪ್ಪ" ಎಂದ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೋಮಮ್ಮ ಕಂಬ ಹಿಡಿದು ನಿಂತಿದ್ದಳು. ಬೆಟ್ಟಮ್ಮ ಸೆರಗೊಡ್ಡಿಕೊಂಡು ನಿಂತಿದ್ದಳು.

"ತುಂಬ ದಿನ ಆಯ್ತು. ದಿನಾ ಹತ್ತಾರು ಊಟ, ಹತ್ತಾರು ಮಾತು. ಯಾವ ದಿನ ಏನಂದೆ ಅಂತ ನೆನಪಿಲ್ಲ. ಆಗ ಬರೆದದ್ದು ಪತ್ರಿಕೇಲಿದೆ" ಎಂದೆ.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಿದೆ. ಸುಳ್ಳು ಹೇಳಲಿಲ್ಲ. ಕುರಿ ಎನ್ನಲಿಲ್ಲ ಎಂದು ನಾನೆಲ್ಲೂ ಹೇಳಲಿಲ್ಲ. ಚಿಕ್ಕಯ್ಯನವರು ಪತ್ರಿಕೆ ತರಿಸಿ ಶಾಲೆಯ ಮೇಷ್ಟರಿಂದ ಓದಿಸಿದರು. 'ಯಾವ್ದಾದ್ರೇನು' ಬಂದಾಗ ಹಿಂದಿನಿಂದ ಯಾರೋ ನಕ್ಕರು. ಹುಚ್ಚಯ್ಯ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ. ಹಾದಿ ತಪ್ಪಿದವರು ಅಪರಿಚಿತರ ಮುಖ ನೋಡುತ್ತಾರಲ್ಲ, ಹಾಗೆ. ಪೂಜೆ ಅವನ ದಾಯಾದಿಯ ಮನೆಗೆ ಹೋಯಿತು. ಬೆಟ್ಟಮ್ಮ ಅತ್ತದ್ದು ಬಸ್ ಸ್ಟಾಪಿನವರೆಗೂ ಕೇಳುತ್ತಿತ್ತು.

೧೪ ಜುಲೈ

ಸಂಪಾದಕರಿಗೆ ಬರೆದೆ. ಊರ ಹಿರಿಯರು ವಿಚಾರಣೆ ಮಾಡಿ ನನ್ನ ಬರಹವನ್ನೇ ಎತ್ತಿಹಿಡಿದಿದ್ದಾರೆ ಎಂದು. ಒಪ್ಪಿಗೆ ಪತ್ರ ಹಿಂದೆಯೇ ಕಳಿಸುತ್ತೇನೆ ಎಂದೂ.

೨೯ ಜುಲೈ

ಕೆ.ಆರ್. ಪೇಟೆಯವರು ಕಿಕ್ಕೇರಿಯಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಶಾಲು, ಫಲತಾಂಬೂಲ, ಒಂದು ಗಂಧದ ಹಾರ. ಡಂಕೆಲ್ ಬಗ್ಗೆ ಮಾತಾಡಲು ಹೋದೆ. "ಅದು ಬುಡಿ ಸಾರ್, ಎರಡನೇ ಬಟ್ಲು ಏಳಿ" ಎಂದು ಹಿಂದಿನ ಸಾಲಿನವರು ಕೂಗಿದರು. ಹೇಳಿದೆ. ಹುಚ್ಚಯ್ಯನ ದನಿ, ಮೀಸೆ ಒರೆಸಿಕೊಳ್ಳುವುದು, ಬಟ್ಟಲು ಹಿಡಿಯುವುದು, ಎಲ್ಲ ಮಾಡಿ ತೋರಿಸಿದೆ. ನನಗೆ ಇಂಥ ಕಲೆ ಇದೆಯೆಂದೇ ಗೊತ್ತಿರಲಿಲ್ಲ.

ಇವತ್ತು ಆಷಾಢದ ಕಡೆಯ ಮಂಗಳವಾರ ಎಂದು ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಒಂದು ಗಳಿಗೆ ಒಂದು ಥರ ಆಯಿತು. ಮಧ್ಯಾಹ್ನದ ಬೋಂಡ ಇರಬೇಕು.

೩ ಆಗಸ್ಟ್

ಒಪ್ಪಿಗೆ ಪತ್ರ ಎಲ್ಲಿ ಎಂದು ಬೆಂಗಳೂರಿನಿಂದ ಫೋನು. ಆ ಮನೆಯ ಬಾಗಿಲಿಗೆ ಹೋಗಲು ಮನಸ್ಸಿಲ್ಲ. ಹುಡುಗಿಯ ಬಾಯಿ ಸರಿಯಿಲ್ಲ. ಯಶೋಧ ಮೂರು ದಿನದಿಂದ ಬೇಕಾದ್ದಕ್ಕೆ ಮಾತ್ರ ಮಾತಾಡುತ್ತಿದ್ದಾಳೆ. ಗಂಡ ಮುಂದೆ ಬರುವುದು ಕೆಲವು ಹೆಂಗಸರಿಗೆ ಸಹಿಸುವುದಿಲ್ಲ.

೧೦ ಆಗಸ್ಟ್, ಭಾನುವಾರ

ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಗಿಲಲ್ಲಿ ಹುಚ್ಚಯ್ಯ. ಮೊದಲು ಗುರುತು ಸಿಗಲಿಲ್ಲ. ತಲೆ ಬೋಳಿಸಿದ್ದ, ಮೀಸೆಯೂ ಇಲ್ಲ. ಉಟ್ಟ ಪಂಚೆ ಇನ್ನೂ ಒದ್ದೆ. ಗಂಜಾಮಿಗೆ ಒಬ್ಬನೇ ಹೋಗಿ ಹೊಳೆಯಲ್ಲಿ ಮುಳುಗಿ ನೇರ ಇಲ್ಲಿಗೆ ಬಂದಿದ್ದಾನೆ. ಒಳಗೆ ಬಾ ಎಂದರೂ ಬರಲಿಲ್ಲ, ಜಗಲಿಯ ಕೆಳಗೇ ನಿಂತ. ಜಗಳಕ್ಕೆ ಬಂದನೇನೋ ಎಂದು ನಾನು ಮೇಘನಳನ್ನು ಒಳಗೆ ಕಳಿಸಿದೆ.

"ಮಾದೇವಪ್ಪ, ಒಂದ್ಮಾತು ಏಳೋಗಾಕೆ ಬಂದೆ" ಎಂದ. "ನ್ಯಾಯದ ದಿನ ನಿನ್ ಮ್ಯಾಲೆ ಅನುಮಾನ ಪಟ್ಬುಟ್ಟೆ ಕಣಪ್ಪ. ಕುರಿ ಅಂದಿದ್ನಲ್ಲ, ಈಗ ಯಾಕಿಂಗಂತಾನೆ ಅಂತ. ಮನೇಲೂ ನಿನ್ನ ಬಾಯಿಗ್ ಬಂದಂಗೆ ಬೈಯ್ದೆ. ಆಮ್ಯಾಕೆ ಕುಂತು ಕುಂತು ಯೋಚ್ನೆ ಮಾಡ್ದೆ. ಊರೆಲ್ಲ ಒಂದೇ ಸಮ ಅಂತದೆ. ಪೇಪರ್ನಲ್ಲೂ ಅಂಗೇ ಅದೆ. ನೀನ್ಯಾಕೆ ಸುಳ್ಳು ಬರೀತೀಯ, ನಾನೇನ್ ನಿಂಗೆ ಕೇಡು ಮಾಡಿದ್ನಾ? ನೀನು ದನದ್ದು ಅಂತ್ಲೇ ಅಂದಿರ್ಬೇಕು. ವಟ್ಟೆ ಅಸ್ದಿತ್ತು, ನಾಲ್ಗೆ ಮಾತು ಕೇಳ್ನಿಲ್ಲ. ಈಗೀಗ ನಂಗೂ ಅಂಗೇ ಗ್ಯಾಪ್ಕ ಬತ್ತದೆ. ಯಾವ್ದಾದ್ರೇನು ಅಂದಿದ್ದೂ ನಾನೇ ಇರ್ಬೇಕು. ಆ ಹಸ ನನ್ ಕೈ ನೆಕ್ಕಿತ್ತು ಕಣಪ್ಪ. ಅಮ್ಮ ಸುಮ್ಕೆ ಪೂಜೆ ಕಿತ್ಕಂಡ್ಳಾ?"

ಅಷ್ಟು ಹೇಳಿ ಎರಡೂ ಕೈ ಮುಗಿದ. "ನಿನ್ ಮ್ಯಾಲೆ ಸುಳ್ಳು ಒರಿಸ್ದೆ. ಅದೊಂದು ಪಾಪನಾರ ತೀರ್ಲಿ ಅಂತ ಬಂದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಯಶೋಧ ಬಾಗಿಲಿಗೆ ಬಂದು ನಿಂತಳು. ಅವಳು ಏನಾದರೂ ಅನ್ನುವ ಮೊದಲೇ ನಾನು ಒಳಗೆ ಹೋಗಿ ಒಪ್ಪಿಗೆ ಪತ್ರ, ಶಾಯಿಯ ಡಬ್ಬಿ ತಂದೆ. ಹೇಗೂ ಬಂದಿದ್ದಾನೆ, ಇನ್ನೊಂದು ಸಲ ಹೊಣಕೆರೆಗೆ ಅಲೆಯುವುದು ತಪ್ಪುತ್ತದೆ. ಇದೇನು ಎಂದ. ಬರೆದಿರುವುದೆಲ್ಲ ನಿಜ ಅನ್ನೋದಕ್ಕೆ ಎಂದೆ. ಎಲ್ಲಿ ಒತ್ತಬೇಕು ಎಂದು ಕೇಳಿ ಹೆಬ್ಬೆಟ್ಟು ಒತ್ತಿದ. ಶಾಯಿ ಹತ್ತಿದ ಬೆರಳನ್ನು ಬೋಳು ತಲೆಗೆ ಒರೆಸಿಕೊಳ್ಳಲು ಹೋಗಿ, ತಡೆದು, ಪಂಚೆಗೆ ಒರೆಸಿಕೊಂಡ. ಯಶೋಧ ಅಲ್ಲಿಂದ ಹೋದಳು.

ಆಮೇಲೆ ಕಾಲಿಗೆ ಬೀಳಲು ಬಗ್ಗಿದ. ವಯಸ್ಸಾದವರಿಂದ ಹಾಗೆ ಮಾಡಿಸಿಕೊಳ್ಳಬಾರದು ಎಂದು ತೋಳು ಹಿಡಿದು ಎತ್ತಿದೆ. ತೋಳಿನಲ್ಲಿ ಏನೂ ಉಳಿದಿಲ್ಲ, ಬರೀ ಮೂಳೆ. "ಹೋಗ್ಲಿ ಬಿಡು ಹುಚ್ಚಯ್ಯ, ತಪ್ಪು ಯಾರಿಂದಲೂ ಆಗುತ್ತೆ. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ" ಎಂದೆ.

ಅವನ ಕಣ್ಣು ತುಂಬಿತು. "ದೊಡ್ಡ ಮನ್ಸು ಕಣಪ್ಪ ನಿಂದು" ಎಂದು ಮತ್ತೆ ಕೈ ಮುಗಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಟ. ಬೀದಿಯ ತಿರುವಿನವರೆಗೂ ನೋಡಿದೆ. ಪತ್ರವನ್ನು ಲಕೋಟೆಗೆ ಹಾಕಿ ಅಂಟಿಸಿದೆ. ನನಗೂ ಒಂದು ತಿಂಗಳಿನಿಂದ ಅವನ ಮೇಲೆ ಒಳಗೊಳಗೇ ಬೇಸರವಿತ್ತು. ಕ್ಷಮಿಸಿದ ಮೇಲೆ ಮನಸ್ಸು ಹಗುರವಾಯಿತು.